ಮುಂಬಾರದ ಕಾರು

ಬತ್ತಲಗುಂಡಿನಲ್ಲಿ ಬಸ್ಸಿಳಿದಾಗ ಸುತ್ತಲೂ ತಮಿಳು. ಬೋರ್ಡು ಓದಲು ಬರಲಿಲ್ಲ. ಕನ್ನಡವನ್ನೇ ನಾನು ಕೂಡಿಸಿ ಕೂಡಿಸಿ ಓದುವವಳು. ಅಷ್ಟರಲ್ಲಿ ಬಾಳೆಹಣ್ಣು ಮಾರುವವಳು ಮಗುವಿಗೆ ಕನ್ನಡದಲ್ಲಿ ಬೈದಳು. ಅವಳ ಬುಟ್ಟಿಯ ಹತ್ತಿರ ಓಡಿದೆ. ಮಾತಾಡಿಸಿದರೆ, "ಸಾಪಾಡು ಆತಾ ಅಕ್ಕಾ?" ಎಂದಳು. ಸಾಪಾಡು ಎಂದರೆ ಊಟ. ಅವಳ ಮುಂದಿನ ಮಾತು ಒಂದೂ ತಿಳಿಯಲಿಲ್ಲ. ಬರೀ ತಮಿಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಇಲ್ಲಿ ಕನ್ನಡ ಆಡುವ ಇವರು ಎಷ್ಟೋ ತಲೆಮಾರಿನ ಹಿಂದೆ ನಮ್ಮ ಕಡೆಯಿಂದ ಬಂದ ಒಕ್ಕಲು ಮಕ್ಕಳಂತೆ. ನಾವು ಬಂದದ್ದು ಹಿಂದಿ ಬೇಡವೆಂಬ ಗಲಾಟೆಗೆ ಇಲ್ಲಿ ಕಾಲೇಜು ಮುಚ್ಚಿ ತೆರೆದ ವರ್ಷ. ಮಗ ತಿಮ್ಮ ಮೋಟಾರು ರಿಪೇರಿ ಶೆಡ್ಡು ಹಾಕಿದ. ಅದರ ಹಿಂದಿನ ತಗಡಿನ ಕೋಣೆಯೇ ಮನೆ. ಊರಲ್ಲಿ ಜಗಲಿಗೆ ಕೂತರೆ ದಾರಿಹೋಕರೂ ಮಾತಾಡಿಸುತ್ತಿದ್ದರು. ಇಲ್ಲಿ ಡೀಸೆಲ್ ವಾಸನೆ. ರಾಗಿ ಸಿಕ್ಕಿತು, ಮುದ್ದೆ ಮಾಡಿದೆ. ಅಷ್ಟೇ ನನ್ನ ಗೆಲುವು.

ಆ ಶೆಡ್ಡಿನಲ್ಲೇ ಇಂಜಿನಿಯರಿಂಗ್ ಓದುವ ನಾಲ್ಕು ಹುಡುಗರು ಮದ್ರಾಸಿನ ಪಂದ್ಯಕ್ಕೆಂದು ರೇಸಿನ ಕಾರು ಕಟ್ಟತೊಡಗಿದರು. ಕಾಲೇಜಿನ ಮೇಷ್ಟರು ನೋಡಿ ಒಪ್ಪಿದರಷ್ಟೇ ಹೋಗಬಹುದು. ತಿಮ್ಮ ಗಿರಾಕಿಗಳನ್ನು ಬಿಟ್ಟು ಅದಕ್ಕೇ ಅಂಟಿಕೊಂಡ. "ಇದು ಕೆಟ್ರೆ ಶೆಡ್ಡು ಮುಚ್ಚಿ ಊರಿಗೆ ಹೋಗಾನ ಕಣವ್ವ" ಎಂದ. ಕೆಡಲಿ ಎಂದುಕೊಂಡೆ.

ಹುಡುಗರ ಮುಂದಾಳು ರಾಮು, ಕೊಂಬೈ ಎಂಬ ಊರಿನ ಇದೇ ಕನ್ನಡ ಜನರ ಹುಡುಗ. ಅವನ ತಾತ ರೇಕ್ಳಾ, ಅಂದರೆ ಎತ್ತಿನ ಓಟದ ಬಂಡಿ, ಓಡಿಸಿ ಹೆಸರಾದವರು. ಸೀಟು, ಬ್ಯಾಟರಿ ಎಲ್ಲ ಹಿಂದಿದೆ, ಹಿಂಬಾರವಾದರೆ ನೊಗ ಎತ್ತಿಕೊಳ್ಳುತ್ತದೆ, ಭಾರ ಮುಂದೆ ಹಾಕಿ ಮುಂಬಾರ ಮಾಡಿ ಎಂದು ಅವರು ಶೆಡ್ಡಿಗೆ ಬಂದು ನೋಡಿ ಅಪ್ಪಣೆ ಕೊಟ್ಟರು. ಕಾರನ್ನು ತಳ್ಳುವುದು ಹಿಂದಿನ ಚಕ್ರ, ಭಾರ ಅಲ್ಲೇ ಇರಬೇಕು ಎಂದು ರಾಮು ನನಗೆ ಹೇಳಿದ್ದ. ತಾತನಿಗೆ ಹೇಳಲಿಲ್ಲ. ನಮ್ಮೂರಲ್ಲೂ ಹಿರಿಯರಿದ್ದಾರೆ, ಹೂಂ ಎಂದು ನಮ್ಮಿಷ್ಟದಂತೆ ಮಾಡುತ್ತೇವೆ. ಇಲ್ಲಿ ಹೂಂ ಎಂದರೆ ಹೂಂ. ನಾಲ್ವರೂ ತಲೆ ತಗ್ಗಿಸಿ ಎಲ್ಲ ಬಿಚ್ಚಿ ಮುಂದಕ್ಕೆ ತಂದರು. ತಿಮ್ಮನೂ ಸ್ಪ್ಯಾನರು ಹಿಡಿದುಕೊಟ್ಟ.

ಮೇಷ್ಟರು ಬಂದ ದಿನ ಶೆಡ್ಡಿನ ಮುಂದಿನ ಏರಿನ ಕೆಮ್ಮಣ್ಣಿನಲ್ಲಿ ಕಾರಿನ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿತು. ಧೂಳು ಬಿಟ್ಟರೆ ಏನೂ ಮೇಲೇರಲಿಲ್ಲ. ಅವರು ಅಂಗಿ ಕೊಡವಿಕೊಂಡು ಹೊರಟುಹೋದರು. ಪೂಜೆ ಸರಿಯಾಗಿಲ್ಲ ಎಂದರು ತಾತ.

ನನಗೆ ತಡೆಯಲಾಗಲಿಲ್ಲ. "ನಿನ್ನ ಹಿರಿತನ ಎತ್ತಿನ ಹತ್ರ ಇಟ್ಕೊ. ಇದಕ್ಕೆ ನೊಗ ಇಲ್ಲ, ಕೊರಳೂ ಇಲ್ಲ. ಹುಡುಗ್ರಿಗೆ ಗೊತ್ತಿತ್ತು, ನಿನ್ನ ಮೋರೆ ನೋಡಿ ಬಾಯಿ ಮುಚ್ಕಂಡ್ರು."

ತಾತ ನನ್ನನ್ನೇ ನೋಡಿ, "ನಮ್ಮ ಮನೇಲಿ ಇಂತಾ ಬಾಯಿಬಡ್ಕಿ ಹುಟ್ಟಿ ರೊಂಬ ನಾಳಾತು" ಎಂದರು. ಬಹಳ ದಿನವಾಯಿತು ಎಂದರ್ಥ. ಬೈದದ್ದೋ, ನೆಂಟಸ್ತನ ಹೇಳಿದ್ದೋ, ಇನ್ನೂ ತಿಳಿದಿಲ್ಲ. ಆಮೇಲೆ ರಾಮುವಿಗೆ, "ಬಿಚ್ಚು" ಎಂದರು.

ಈಗ ಎಲ್ಲ ಹಿಂದಕ್ಕೆ ಹಾಕಲು ಮತ್ತೆ ಬಿಚ್ಚುತ್ತಿದ್ದಾರೆ. ಮೇಷ್ಟರು ಇನ್ನೊಮ್ಮೆ ಬರುವುದು ಸುಳ್ಳು. ಹೇಳಿದಂತೆ ಊರಿಗೆ ಹೋಗೋಣವೇ ಎಂದು ತಿಮ್ಮ ಕೇಳಿದ. ಹೋಗಲೇಬೇಕು, ಈ ತಗಡಿನ ಕೆಳಗೆ ಸಾಯಲು ನನಗಿಷ್ಟವಿಲ್ಲ. ಆದರೆ ಮೊದಲು ಆ ಹಾಳು ಕಾರು ಏರು ಹತ್ತಲಿ ಎಂದೆ.