ಐದೂ ಕೆಲಸ ಒಮ್ಮೆಲೇ ಮುಗಿದರೆ?

‘ಸತ್ತಾವ್ರಿ, ಆದ್ರ ಹೋಗವಲ್ಲವು.’

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಶೈಲಾ ಹೇಳಿದ ಮೊದಲ ಮಾತಿದು. ಜಿರಲೆಯೇ? ಇಲಿಯೇ? ಚಹಾ ಬಿಟ್ಟು ಪೊರಕೆ ಹುಡುಕಲು ಎದ್ದೆ. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಲೇ ಇಲ್ಲ. ‘ಸುಮ್ಮ ಕೂಡ್ರಿ. ನಾ ಕಂಪ್ಯೂಟರಿನಾಗ ಓಡೋ ಪ್ರೊಸೆಸ್ ಬಗ್ಗೆ ಹೇಳಾಕತ್ತೀನಿ.’

ಶೈಲಾ ತಾರ್ನಾಕದ ಶಾಲೆಯೊಂದರ ಆಫೀಸಿನಲ್ಲಿದ್ದಾಳೆ. ಅಡ್ಮಿಷನ್, ಟಿ.ಸಿ., ಪೋಷಕರ ಜಗಳ ಎಲ್ಲವೂ ಅವಳ ಕೌಂಟರಿಗೇ ಬರುತ್ತವೆ. ಅಲ್ಲಿನ ಕಂಪ್ಯೂಟರ್ ಟೀಚರ್ ಈ ವರ್ಷ ಬಿಟ್ಟು ಹೋಗುತ್ತಿದ್ದಾರೆ. ಡಿಪ್ಲೊಮಾ ಪಾಸಾದರೆ ಆ ಕ್ಲಾಸು ನಿಮಗೇ ಎಂದಿದ್ದಾರೆ ಪ್ರಿನ್ಸಿಪಾಲ್. ಮಕ್ಕಳಿಗೆ ಕಲಿಸಬೇಕೆಂಬುದು ಅವಳ ಬಹಳ ವರ್ಷದ ಆಸೆ. ಐವತ್ತರ ಹೊಸ್ತಿಲಲ್ಲಿ ಸಂಜೆ ಕಾಲೇಜು ಸೇರಿದ್ದೂ ಅದಕ್ಕೇ. ಸೋಮವಾರ ಪ್ರಾಜೆಕ್ಟ್ ಪರೀಕ್ಷೆ. ಅಲ್ಲಿ ಎಡವಿದರೆ ಮತ್ತೆ ಕೌಂಟರೇ ಗತಿ.

ಪ್ರಾಜೆಕ್ಟ್ ಏನೆಂದರೆ, ಸ್ವಂತದ್ದೊಂದು ಶೆಲ್ ಬರೆಯುವುದು. (ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುತ್ತಾರಲ್ಲ, ಆ ಸಾಲನ್ನು ಓದಿ ಕೆಲಸ ಹಚ್ಚುವ ಪ್ರೋಗ್ರಾಮು.) ಸಾಲಿನ ಕೊನೆಗೊಂದು ಚಿಹ್ನೆ ಹಾಕಿದರೆ ಆ ಕೆಲಸ ಹಿನ್ನೆಲೆಗೆ ಹೋಗುತ್ತದೆ. ಶೆಲ್ ಅದಕ್ಕಾಗಿ ಕಾಯುವುದಿಲ್ಲ; ಮುಂದಿನ ಸಾಲು ಹೇಳಿ ಎನ್ನುತ್ತದೆ. ಶನಿವಾರವೇ ಇದೆಲ್ಲ ಚೆನ್ನಾಗಿ ನಡೆದಿತ್ತು. ಹಾಗಾದರೆ ಸತ್ತೂ ಹೋಗದವರು ಯಾರು?

‘ನಮ್ಮ ಮನಿಗೆ ಬಂದ ಮುತ್ತೈದೇರು ಕುಂಕುಮ ತಗೊಳ್ಳದ ಹೋಗ್ತಾರೇನ್ರಿ?’ ಎಂದಳು. ‘ಮಾತು ಮುಗದಿರ್ತಾವ, ಹೋಗಾಕ ಎದ್ದೂ ಇರ್ತಾರ. ಆದ್ರ ನಾ ಹಚ್ಚೂತನಕ ಬಾಗಲದಾಗ ನಿಂತಿರ್ತಾರ. ಇವೂ ಹಂಗ. ಕೆಲಸ ಮುಗಿಸ್ಯಾವ. ಕೆಲಸಕ್ಕ ಹಚ್ಚಿದ ಶೆಲ್ಲು ಹೂಂ ಅನ್ನೂತನಕ ಹೆಸರು ಕಂಪ್ಯೂಟರಿನ ಪಟ್ಟ್ಯಾಗ ಉಳೀತೈತಿ. ಪಟ್ಟಿ ತುಂಬಿದ್ರ ಹೊಸಾ ಕೆಲಸಕ್ಕ ಜಾಗಾನ ಇಲ್ಲ.’

ನನಗೆ ಒಂದು ಕ್ಷಣ ಇರುಸುಮುರುಸಾಯಿತು. ನಾವೆಲ್ಲ ಕೆಲಸ ಹಚ್ಚುವುದರಲ್ಲಿ ಗಟ್ಟಿಗರು. ಮುಗಿಯಿತು ಎಂದು ಯಾರಾದರೂ ವಾಟ್ಸಾಪ್‌ನಲ್ಲಿ ಬರೆದರೆ ನೀಲಿ ಟಿಕ್ ಬೀಳಿಸಿ ಸುಮ್ಮನಾಗುತ್ತೇವೆ, ಅಲ್ಲವೇ?

ಶೈಲಾಳ ಶೆಲ್ ಹೂಂ ಎನ್ನುತ್ತಿತ್ತು. ಆದರೆ ಅವಳು ಬೇಕೆಂದೇ ಐದು ಕೆಲಸ ಒಟ್ಟಿಗೆ ಮುಗಿಯುವಂತೆ ಓಡಿಸಿದ್ದಳು. ಮುಗಿದ ಸುದ್ದಿ ಬಾಗಿಲ ಬೆಲ್ಲಿನಂತೆ ಬರುತ್ತದಂತೆ. ಐವರು ಒಮ್ಮೆಲೇ ಒತ್ತಿದರೂ ಒಳಗೆ ಕೇಳಿಸುವುದು ಒಂದೇ ಸದ್ದು. ‘ಒಬ್ಬಾಕಿಗೆ ಹಚ್ಚಿ ಒಳಗ ಬಂದಬಿಡಾಕತ್ತೀನಿ. ಉಳಿದವ್ರು ಅಲ್ಲೇ ನಿಂತಾರ.’

ಅಂದು ನಾವು ನಾಂಪಲ್ಲಿಯ ಎಕ್ಸಿಬಿಷನ್‌ಗೆ ಹೋಗಬೇಕಿತ್ತು. (ಅಲ್ಲಿನ ಮಿರ್ಚಿ ಬಜ್ಜಿಗಾಗಿ ನಾನು ಬೆಳಗಿನ ತಿಂಡಿಯನ್ನೂ ಕಡಿಮೆ ತಿಂದಿದ್ದೆ.) ‘ಐದು ಯಾರ್ ಓಡಸ್ತಾರ, ಶೈಲಾ? ನಿನ್ನಿ ಶೆಲ್ಲನ್ನ ಕೊಟ್ಟುಬಿಡು’ ಎಂದೆ. ಅವಳು ಲ್ಯಾಪ್‌ಟಾಪನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ನಮ್ಮ ಮನೆಯಲ್ಲಿ ಅದಕ್ಕೆ ಅರ್ಥ ಒಂದೇ: ಇವತ್ತು ಬಜ್ಜಿ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ತಿದ್ದಿದಳು. ಒಬ್ಬರಿಗೆ ಹಚ್ಚಿ ತಿರುಗದೆ, ಯಾರೂ ಉಳಿಯದ ತನಕ ಹಚ್ಚುತ್ತಲೇ ಇರುವುದು. ಓಡಿಸಿದರೆ ಶೆಲ್ಲೇ ಕಲ್ಲಾಗಿ ನಿಂತಿತು. ಏನು ಟೈಪ್ ಮಾಡಿದರೂ ಜಪ್ಪಯ್ಯ ಎನ್ನಲಿಲ್ಲ. ಪರೀಕ್ಷೆಗೆ ಒಂದು ದಿನವೂ ಇಲ್ಲ, ಶನಿವಾರ ಸರಿಯಿದ್ದದ್ದು ಈಗ ಕೆಟ್ಟು ಕೂತಿದೆ! ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳು ಎದ್ದು ಕುಕ್ಕರ್ ಇಟ್ಟಳು, ಅಕ್ಕಿ ಹಾಕುವುದನ್ನು ಮರೆತಳು, ತಿರುಗಿ ಬಂದು ಕೂತಳು.

ಸ್ವಲ್ಪ ಹೊತ್ತಿಗೆ ತಾನೇ ನಕ್ಕಳು. ‘ಇನ್ನೂ ಒಬ್ಬಾಕಿ ಸೋಫಾದ ಮ್ಯಾಲ ಕುಂತು ಹರಟಿ ಹೊಡ್ಯಾಕತ್ತಾಳ್ರಿ. ಆಕಿ ಯಾವಾಗ ಏಳ್ತಾಳಂತ ಕುಂಕುಮ ಹಿಡ್ಕೊಂಡು ನಿಂತಬಿಟ್ಟೀನಿ.’ ನಿಧಾನದ ಕೆಲಸವೊಂದು ಹಿನ್ನೆಲೆಯಲ್ಲಿ ಇನ್ನೂ ಓಡುತ್ತಿತ್ತು. ಶೆಲ್ ಅದಕ್ಕೂ ಕಾಯುತ್ತಿತ್ತು. ಒಂದು ಸಣ್ಣ ಸೂಚನೆ ಸೇರಿಸಿದಳು: ಎದ್ದವರಿಗೆಲ್ಲ ಹಚ್ಚು, ಕೂತವರಿಗೆ ಕಾಯಬೇಡ. ಸಂಜೆಯವರೆಗೆ ಎಷ್ಟು ಬಗೆಯಲ್ಲಿ ಓಡಿಸಿದರೂ ಒಂದೂ ಹೆಸರು ಉಳಿಯಲಿಲ್ಲ. ಅಕ್ಕಿಯಿಲ್ಲದ ಕುಕ್ಕರು ನನ್ನ ಪಾಲಿಗೆ ಬಂತು. ಆದರೂ ಹೇಳುತ್ತೇನೆ, ಅವಳನ್ನು ನೋಡಿ ಹೆಮ್ಮೆಯಿಂದ ಎದೆ ತುಂಬಿತು.

ಸೋಮವಾರ ಅವಳನ್ನು ಸ್ಕೂಟರಿನಲ್ಲಿ ಕಾಲೇಜಿಗೆ ಬಿಟ್ಟು ಗೇಟಿನ ಹೊರಗೆ ಕಾದೆ. ಬೇಗನೇ ಬಂದಳು. ಪರೀಕ್ಷಕರು ಹಿನ್ನೆಲೆಯ ಕೆಲಸ ಒಂದನ್ನು ಓಡಿಸಿದರಂತೆ, ಒಂದೇ ಒಂದು. ‘ಬಾಗುಂದಿ ಮೇಡಂ’, ಚೆನ್ನಾಗಿದೆ ಎಂದು ತೆಲುಗಿನಲ್ಲಿ ಹೇಳಿ ಸಹಿ ಹಾಕಿದರಂತೆ. ಪಾಸು!

ಖುಷಿಯಾಯಿತು. ಜೊತೆಗೆ ಬೇಸರವೂ ಆಯಿತು. ಶನಿವಾರದ ಶೆಲ್ ಕೊಟ್ಟಿದ್ದರೂ ಇಷ್ಟೇ ಆಗುತ್ತಿತ್ತಲ್ಲ?

‘ಭಾನುವಾರ ಪೂರಾ ಹೋತು. ಅವ್ರು ಅದನ್ನ ನೋಡ್ಲೇ ಇಲ್ಲ’ ಎಂದೆ.

ಶೈಲಾ ಹಿಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ‘ಪರೀಕ್ಷಕರು ಒಂದ ಓಡಸ್ತಾರ್ರಿ. ನಾ ಇದರಾಗ ಹುಡುಗ್ರಿಗೆ ಕಲಸಾಕಿ. ಮೊದಲನೇ ದಿನಾನೇ ಐದು ಒಮ್ಮೆ ಓಡಸ್ತಾವ ಅವು.’

ನಾವು ನೀವೆಲ್ಲ ದಿನಾ ಕೆಲಸ ಮಾಡುತ್ತೇವಲ್ಲ, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು: ಸಹಿ ಹಾಕುವವರನ್ನೋ, ಬಳಸುವವರನ್ನೋ?