ಗೋಡೆಯಿಲ್ಲದ ಮನೆಯ ಒಳಗೆ

ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗಿ ಕಾಫಿಗೆ ಇಡುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ನೀವೇ ಯೋಚಿಸಿ.

ಕೋವಿಡ್ ಸ್ವಲ್ಪ ಇಳಿದಿದ್ದ ವರ್ಷ. ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿರುವ ನಮ್ಮ ಮನೆಯಲ್ಲಿ ಕೂತು ಕೂತು ಬೇಸತ್ತು, ನಾನು ಮತ್ತು ನನ್ನ ಗಂಡ ಮೋಹನ್ ಒಂದು ಶನಿವಾರ ಸೇಂಟ್ ಮೇರೀಸ್ ಸಿಟಿಗೆ ಹೊರಟೆವು. ಇಂಗ್ಲಿಷರು ಮೇರಿಲ್ಯಾಂಡಿಗೆ ಬಂದ ಹೊಸತರಲ್ಲಿ ಕಟ್ಟಿದ ರಾಜಧಾನಿ ಅದು. ರಾಜಧಾನಿ ಬೇರೆಡೆಗೆ ಹೋದಮೇಲೆ ಊರಿಗೆ ಊರೇ ಖಾಲಿಯಾಗಿ ಹೊಲವಾಯಿತಂತೆ. ಈಗ ಅಗೆದು ಪತ್ತೆ ಮಾಡಿದ ಕೆಲವು ಮನೆಗಳ ಜಾಗದಲ್ಲಿ ಬರೀ ಮರದ ಚೌಕಟ್ಟು ನಿಲ್ಲಿಸಿದ್ದಾರೆ. ಗೋಡೆಯಿಲ್ಲ, ಬಾಗಿಲಿಲ್ಲ, ಆಚೆಗಿನ ಬಯಲು ನೇರ ಕಾಣುತ್ತದೆ.

ಮೋಹನ್‌ಗೆ ಹಿಂದಿನ ವರ್ಷವಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಸಿಗರೇಟು ಬಿಟ್ಟೆ ಎಂದು ಆಣೆ ಮಾಡಿದ್ದ. ನನಗೆ ನಂಬಿಕೆ ಇರಲಿಲ್ಲ. ಕಸ ಹಾಕಲು ಹೋದವನು ತಡ ಮಾಡಿದರೂ ಅಂಗಿ ಮೂಸುತ್ತಿದ್ದೆ.

ಅಂದು ಫೋಟೋ ತೆಗೆದು ತಿರುಗಿದಾಗ ಅವನಿಲ್ಲ. ಹುಲ್ಲು ಕತ್ತರಿಸಿದ ಬಯಲು, ಮರೆಯಾಗಲು ಒಂದು ಪೊದೆಯೂ ಇರಲಿಲ್ಲ. ಫೋನ್ ಮಾಡಿದೆ, ಕಾಲ್ ಹೋಗಲಿಲ್ಲ. ಸಿಟ್ಟಿನಿಂದ ಪಾರ್ಕಿಂಗ್ ತನಕ ಹೋಗಿ ನೋಡಿದೆ, ಕಾರಿನಲ್ಲೂ ಇಲ್ಲ. ಮರಳಿ ಬರುವಾಗ ಒಂದು ಚೌಕಟ್ಟಿನೊಳಗಿಂದ, ತಲೆ ಬಗ್ಗಿಸಿಕೊಂಡು, ಹೊರಗೆ ಬಂದ. ಹಣೆ ಊದಿತ್ತು. ಹತ್ತಿರ ಹೋದರೆ ಹೊಗೆಯ ವಾಸನೆ.

“ಮತ್ತೆ ಸ್ಟಾರ್ಟ್ ಮಾಡಿದ್ಯಾ?” ಎಂದೆ.

“ಇಲ್ಲ ಕಣೆ. ಒಳಗೆ ಒಲೆ ಉರೀತಿತ್ತು. ಅಲ್ಲಿದ್ದ ಹೆಂಗಸು ಕೂತ್ಕೋ ಅಂದ್ಲು. ಬಾಗಿಲು ಗಿಡ್ಡ, ನೋಡ್ದೆ ತಲೆ ಹೊಡ್ಕೊಂಡೆ.”

“ಯಾವ ಬಾಗಿಲು?”

ಅವನು ತಿರುಗಿ ನೋಡಿದ. ಆಮೇಲೆ ನೇರ ಕಾರಿನ ಕಡೆ ನಡೆದ.

ನಾಟಕ ಎಂದುಕೊಂಡೆ. ಆದರೆ ಸ್ವೆಟರಿನಲ್ಲಿದ್ದದ್ದು ಸಿಗರೇಟಿನ ವಾಸನೆಯಲ್ಲ, ಸೌದೆ ಹೊಗೆ. ಹೋಗಿ ಚೌಕಟ್ಟಿನ ಕೆಳಗೆ ನಿಂತೆ. ತೀರಾ ಕೆಳಗಿನ ತೊಲೆಯೂ ಅವನ ತಲೆಗಿಂತ ಎಷ್ಟೋ ಮೇಲಿತ್ತು. ಟಿಕೆಟ್ ಕೌಂಟರಿನ ಹುಡುಗಿಯನ್ನು ಕೇಳಿದೆ. ಹಳೇ ಕಾಲದ ವೇಷ ಹಾಕುವವರು ಇವತ್ತು ಯಾರೂ ಬಂದಿಲ್ಲ, ಎಲ್ಲೂ ಒಲೆ ಹಚ್ಚಿಲ್ಲ ಎಂದಳು. ನನಗೆ ಅವಳ ಮೇಲೂ ಅನುಮಾನ ಬಂತು. ಮನೆಗೆ ಬಂದು ಕಾರು, ಜಾಕೆಟ್, ಬ್ಯಾಗು ಎಲ್ಲ ತಡಕಿದೆ. ಸಿಗರೇಟೂ ಇಲ್ಲ, ಲೈಟರೂ ಇಲ್ಲ.

ಮೊನ್ನೆ ಹುರುಳಿಕಾಯಿ ಹೆಚ್ಚುತ್ತಾ ಸುಮ್ಮನೆ ಕೇಳಿದೆ, ಆ ಹೆಂಗಸು ಇನ್ನೇನಂದಳು ಎಂದು. ಮೋಹನ್ ಒಂದು ಕಾಯಿ ಎತ್ತಿಕೊಂಡು ನಾರು ತೆಗೆದ.

“ಒಬ್ನೇ ಬಂದಿದ್ಯಾ ಅಂತ ಕೇಳಿದ್ಲು. ಹೂಂ ಅಂದೆ.”

“ಯಾಕೆ? ನಾನಿದ್ನಲ್ಲ ಹೊರಗೆ.”

“ಅದಕ್ಕೇ. ನಿನ್ನೂ ಒಳಗೆ ಕರೀತಾಳೆ ಅನ್ನಿಸ್ತು.”

ಮೋಹನ್ ಸುಳ್ಳು ಹೇಳಿದರೆ ಕಿವಿ ಕೆಂಪಗಾಗುತ್ತದೆ. ನೋಡಿದೆ; ಆಗಿರಲಿಲ್ಲ. ಏನೆಂದುಕೊಳ್ಳಬೇಕೋ ನನಗಿನ್ನೂ ತಿಳಿದಿಲ್ಲ.