ಬಣ್ಣದ ಕೆಳಗಿನ ಕೈ

ಬೆಳಕು ಸರಿಯಾಗಿ ಹರಿಯುವ ಮೊದಲೇ ಹಳೆಯ ಮರದ ಸಾಮಾನಿಗೆ ಹೊಸ ಬಣ್ಣ ಕೊಟ್ಟು ಮಾರುವ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕರಕರ ಸದ್ದು ಶುರುವಾಗುತ್ತದೆ. ಯಾರೋ ಬೇಡವೆಂದು ಮಾರಿದ ಕನ್ನಡಿ ಮೇಜೊಂದು ಹಲಗೆಯ ಮೇಲೆ ಅಂಗಾತ ಬಿದ್ದಿದೆ. ಮೂಗು ಬಾಯಿಗೆ ಹಳೆಯ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬರು ಅದರ ಕಾಲನ್ನು ಉಪ್ಪುಕಾಗದದಿಂದ, ಅಂದರೆ ಸ್ಯಾಂಡ್‌ಪೇಪರಿನಿಂದ, ಉಜ್ಜುತ್ತಿದ್ದಾರೆ. ಉಜ್ಜಿ, ಧೂಳು ಒರೆಸಿ, ಒಂದು ಚೂರು ಹತ್ತಿಯನ್ನು ಮರದ ಮೇಲೆ ಎಳೆಯುತ್ತಾರೆ. ಎಳೆ ಸಿಕ್ಕಿಕೊಂಡರೆ ಮರ ಇನ್ನೂ ಒರಟು ಎಂದರ್ಥ. ಸಿಕ್ಕಿಕೊಳ್ಳುತ್ತದೆ. ಮತ್ತೆ ಉಜ್ಜುತ್ತಾರೆ.

ಬೀದಿಯವರ ಬಾಯಲ್ಲಿ ಇವರು ‘ಉಪ್ಪುಕಾಗದದಕ್ಕ’. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ವಾರಕ್ಕೆ ಮೂವತ್ತು ಹಾಳೆ ಉಪ್ಪುಕಾಗದ ಸವೆಯುತ್ತದೆ. ಒಂದು ಬೀರು ಎಂದರೆ ಉಜ್ಜುವುದು, ತೂತು ಮುಚ್ಚುವುದು, ಪ್ರೈಮರ್ ಬಳಿಯುವುದು ಎಲ್ಲ ಸೇರಿ ನಾಲ್ಕು ದಿನ. ಐದನೆಯ ದಿನ ಬಣ್ಣದ ಡಬ್ಬಿ ಹಿಡಿದು ಬರುವವಳು ಓರಗಿತ್ತಿ, ಮೈದುನನ ಹೆಂಡತಿ. ತಿಳಿಹಸಿರು ಬಳಿದು ಅಂಚಿಗೊಂದು ಬಳ್ಳಿ ಬಿಡಿಸಿದಳೆಂದರೆ ಮುಗಿಯಿತು. ಗಿರಾಕಿಗಳು ಮುಂಬಾಗಿಲಿನಿಂದ ಬಂದು, ಬಣ್ಣ ಸವರಿ, "ನಿಮ್ಮ ಕೈ ಚಿನ್ನದ ಕೈ" ಎಂದು ಅವಳಿಗೆ ಹೇಳಿ ಹೋಗುತ್ತಾರೆ. ಶೆಡ್ಡಿನ ಕಡೆ ಒಂದು ನರಪಿಳ್ಳೆಯೂ ಇಣುಕುವುದಿಲ್ಲ.

"ಹೊಟ್ಟೆಕಿಚ್ಚಿಲ್ಲ ಅಂದ್ರೆ ಸುಳ್ಳಾಗತ್ತೆ," ಎಂದು ಮಾತಾಡಿಸಲು ಬಂದ ಪತ್ರಿಕೆಯವರಿಗೆ ಹೇಳುತ್ತಾರೆ ಅಕ್ಕ, ಕೈ ನಿಲ್ಲಿಸದೆ. "ಅವಳ ಬಳ್ಳಿ ನೋಡಿದ್ರೆ ನಂಗೂ ಚೆಂದ ಅನ್ಸತ್ತೆ. ಅದಕ್ಕೇ ಇನ್ನೂ ಉರಿಯೋದು."

ಕಳೆದ ಬೇಸಿಗೆಯಲ್ಲಿ ಆ ಉರಿ ಕೆಲಸಕ್ಕೇ ತಗುಲಿತು. ಪುಸ್ತಕದ ಕಪಾಟೊಂದನ್ನು ತುರ್ತಾಗಿ ಕೊಡಬೇಕಿತ್ತು; ಅಕ್ಕನಿಗೆ ಜ್ವರ. ಆ ಕಪಾಟಿಗೆ ಯಾರೋ ಹಿಂದೆ ಮೇಣ ತಿಕ್ಕಿದ್ದರು. ಅದು ಶೆಡ್ಡಿಗೆ ಬಂದ ದಿನ ಮುಟ್ಟಿದ ಕೂಡಲೇ ಅಕ್ಕನ ಬೆರಳಿಗೆ ಮೇಣ ತಿಳಿದಿತ್ತು. ಮೇಣ ತೆಗೆಯದೆ ಹಚ್ಚಿದ ಬಣ್ಣ ನಿಲ್ಲುವುದಿಲ್ಲ. ಓರಗಿತ್ತಿ ಹಾಸಿಗೆಯ ಹತ್ತಿರ ಬಂದು, "ಅಕ್ಕಾ, ಇದು ನುಣ್ಣಗೇ ಇದೆ, ಹಾಗೇ ಹಚ್ಚಿಬಿಡ್ಲಾ?" ಎಂದು ಕೇಳಿದಳು.

"ಹಚ್ಚು," ಎಂದು ಅಕ್ಕ ಗೋಡೆಯ ಕಡೆ ಮಗ್ಗುಲು ಬದಲಿಸಿದರು.

ಎರಡೇ ವಾರಕ್ಕೆ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು ಕಪಾಟು ವಾಪಸ್ ಬಂತು. "ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು" ಎಂದು ಗಿರಾಕಿ ರೇಗಾಡಿದರು. ಶೆಡ್ಡಿನಲ್ಲಿ ಅಕ್ಕನ ಕಿವಿ ನಿಮಿರಿತು. ಒಳಗೊಳಗೇ ಖುಷಿಯಾಯಿತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಅಷ್ಟರಲ್ಲಿ ಓರಗಿತ್ತಿಯ ದನಿ ಕೇಳಿಸಿತು: "ತಪ್ಪು ನಂದೇ. ಇದಕ್ಕೆ ನಮ್ಮಕ್ಕನ ಕೈ ಬಿದ್ದಿರ್ಲಿಲ್ಲ. ಅವರು ಉಜ್ಜದಿದ್ರೆ ನನ್ನ ಬಣ್ಣ ನಿಲ್ಲಲ್ಲ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅಕ್ಕನಿಗೆ. ಯಾರೂ ಹೇಳದಿದ್ದರೂ ಐದು ದಿನ ಕೂತು ಕಪಾಟನ್ನು ಬರಿಮರಕ್ಕೆ ಇಳಿಸಿಕೊಟ್ಟರು. ಗೊತ್ತಿದ್ದೂ ‘ಹಚ್ಚು’ ಅಂದದ್ದನ್ನು ಮಾತ್ರ ಓರಗಿತ್ತಿಗೆ ಇವತ್ತಿನವರೆಗೂ ಹೇಳಿಲ್ಲ.

ಹಾಗಾದರೆ ಇದನ್ನು ಬರೆಯುವುದು ಬೇಡವೇ ಎಂದು ಪತ್ರಿಕೆಯವರು ಕೇಳುತ್ತಾರೆ. ಅಕ್ಕ ಮೇಜಿನ ಕಾಲಿನ ಮೇಲೆ ಇನ್ನೊಮ್ಮೆ ಹತ್ತಿ ಎಳೆಯುತ್ತಾರೆ. ಈ ಸಲ ಸಿಕ್ಕಿಕೊಳ್ಳುವುದಿಲ್ಲ.

"ಬರೀರಿ. ನನ್ನ ಬಾಯಲ್ಲಂತೂ ಬರಲ್ಲ, ಅವಳೇ ಓದ್ಕೊಳ್ಲಿ," ಎಂದು ಮುಖದ ಬಟ್ಟೆ ಬಿಚ್ಚಿ, ಕೆನ್ನೆಯ ಧೂಳು ಒರೆಸಿಕೊಳ್ಳುತ್ತಾರೆ. "ಫೋಟೋ ಮಾತ್ರ ನಂದೊಬ್ಬಳದೇ ಹಾಕಿ."